ವಿಮಾನಕ್ಕೆ ಯಾವ ಪಚ್ಚ?

ನನ್ನ ಕತ್ತಿಗೆ ಒಂದು ಕೆಟ್ಟ ಚಾಳಿಯಿದೆ. ಎದುರಿಗಿದ್ದವರು ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಮಾತು ಮುಗಿಯುವ ಮೊದಲೇ ಅದು ಮೇಲೆ ಕೆಳಗೆ ಆಡತೊಡಗುತ್ತದೆ. ಬಾಯಿ ಅದರ ಹಿಂದೆಯೇ "ಗೊತ್ತಾಯ್ತು, ಗೊತ್ತಾಯ್ತು" ಎಂದುಬಿಡುತ್ತದೆ. ಏನೂ ಗೊತ್ತಾಗಿರುವುದಿಲ್ಲ. ಗೊತ್ತಾಗಿಲ್ಲ ಎನ್ನುವುದು ನನಗೆ ಗೊತ್ತಾಗುವುದು ಕೆಲಸವೆಲ್ಲ ಮುಗಿದು, ಬಣ್ಣ ಒಣಗಿದ ಮೇಲೆ.

ಬಣ್ಣ ಎಂದೆನಲ್ಲ, ನನ್ನ ಕಸುಬೇ ಅದು. ಚಳ್ಳಕೆರೆಯಲ್ಲಿ ರಸ್ತೆ ಪಕ್ಕ ಒಂದು ಶೆಡ್ಡು ಹಾಕಿಕೊಂಡು ಟ್ರಾಕ್ಟರು, ಟ್ರೇಲರುಗಳಿಗೆ ಬಣ್ಣ ಹೊಡೆಯುತ್ತೇನೆ. ಹೂವು, ಬಳ್ಳಿ, ದೇವರ ಹೆಸರು, ಮಕ್ಕಳ ಹೆಸರು, ಕೇಳಿದವರಿಗೆ ಹಿಂದುಗಡೆ ಎರಡು ಸಾಲು ಬುದ್ಧಿಮಾತು. ಒಮ್ಮೆ ದೊಡ್ಡಉಳ್ಳಾರ್ತಿಯ ಓಬಣ್ಣ ಹೊಸ ಟ್ರೇಲರು ತಂದು ನಿಲ್ಲಿಸಿದ. ಕುರಿ ಸಾಕಿ ಮೇಲೆ ಬಂದ ಮನುಷ್ಯ. ನನ್ನ ಕಂಪ್ರೆಸರು ಬಡಬಡ ಓಡುತ್ತಿತ್ತು. ಅದರ ಸದ್ದಿನ ಮೇಲೆ ಕೂಗಿ ಏನೋ ಹೇಳಿದ. ನಾನು ಕತ್ತು ಆಡಿಸಿದೆ. "ದೊಡ್ಡದಾಗಿರ್ಲಿ" ಎಂದ. ಅದಕ್ಕೂ ಆಡಿಸಿದೆ. ಮುಂದಿನ ವಾರ ಬಂದವನು ಟ್ರೇಲರಿನ ಹಿಂದೆ ನಿಂತು ಬಹಳ ಹೊತ್ತು ನೋಡಿದ.

"ಎಲ್ಲೈತಪ್ಪಾ?"

"ಏನು ಓಬಣ್ಣ?"

"ಟಗರು!"

"ತಗಡಾ? ಬಡಿದಿದೀನಲ್ಲ. ದಪ್ಪಂದೇ ಹಾಕಿದೀನಿ, ಮುಟ್ಟಿ ನೋಡು."

ಅವನು "ಟಗರು ಬರಿ" ಎಂದದ್ದು ನನ್ನ ಕಿವಿಗೆ "ತಗಡು ಬಡಿ" ಎಂದು ಬಿದ್ದಿತ್ತು. ಓಬಣ್ಣ ಎದುರಿನ ಟೀ ಅಂಗಡಿಯ ಕಡೆ ತಿರುಗಿ, "ಲೇ, ಬರ್ರಲೇ ಇಲ್ಲಿ! ಕೊಂಬಿಲ್ದಿರೋ ಟಗರು ನೋಡ್ರಿ, ಉಣ್ಣೆನೂ ಇಲ್ಲ!" ಎಂದು ಕೂಗಿದ. ಆಮೇಲೆ ಅದೇ ತಗಡಿನ ಮೇಲೆ ನಾನು ಬರೆದ ಟಗರು ಈಗಲೂ ಆ ಕಡೆ ಓಡಾಡುತ್ತದೆ. ನೋಡಿದರೆ ನನ್ನನ್ನು ನೆನೆಸಿಕೊಳ್ಳಿ.

ಈ ಚಾಳಿ ಹತ್ತಿದ್ದು ಶಾಲೆಯಲ್ಲಿ. ನಾವು ಮೊಳಕಾಲ್ಮುರಿನ ನೇಕಾರರು. ಮನೆಯ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಮೇಷ್ಟ್ರು ಪಾಠ ಮುಗಿಸಿ "ತಿಳೀತೇನ್ರೋ?" ಎಂದಾಗ ಕತ್ತು ಆಡಿಸದವನನ್ನು ಬೋರ್ಡಿನ ಹತ್ತಿರ ಕರೆಯುತ್ತಿದ್ದರು. ಕತ್ತು ಆಡಿಸಿದವನು ಕೂತಲ್ಲೇ ಕೂತಿರಬಹುದಿತ್ತು. ಹಾಗೆ ಕೂತಲ್ಲೇ ಕೂತು ಏಳನೆಯ ತರಗತಿಯವರೆಗೆ ಹೋದೆ. ಅಲ್ಲಿ ಕತ್ತಿನಿಂದ ಪರೀಕ್ಷೆ ಬರೆಯಲಾಗುವುದಿಲ್ಲ ಎಂದು ತಿಳಿದು ಹೊರಗೆ ಬಂದೆ.

ಇದನ್ನು ನಗುತ್ತಲೇ ಹೇಳುತ್ತೇನೆ. ಆದರೆ ಇದರ ಪಕ್ಕದಲ್ಲೇ ನಗಲಾಗದ್ದೊಂದು ಇದೆ. ನನ್ನ ಅಕ್ಕ ನನಗಿಂತ ಎಷ್ಟೋ ಚೆನ್ನಾಗಿ ಓದುತ್ತಿದ್ದಳು. ಮಗ್ಗಕ್ಕೆ ಇನ್ನೊಂದು ಕೈ ಬೇಕಾದಾಗ ಅವಳನ್ನು ಬಿಡಿಸಿ ಕೂರಿಸಿದರು, ನನ್ನನ್ನು ಶಾಲೆಗೆ ಕಳಿಸಿದರು. ಅಕ್ಕ ಪುಸ್ತಕ ಕಟ್ಟಿಟ್ಟು ಮಗ್ಗಕ್ಕೆ ಕೂತಳು. ಅವಳು ಒಲ್ಲೆ ಅನ್ನುವವಳೇ ಅಲ್ಲ. ನಮ್ಮ ತೆಲುಗಿನಲ್ಲಿ "ಇಯ್ಯನು ಪೋ" ಎಂದರೆ "ಕೊಡುವುದಿಲ್ಲ ಹೋಗು" ಎಂದು. ನಮ್ಮ ಓಣಿಯ ಮಕ್ಕಳು ಅಮ್ಮ, ಅಪ್ಪ ಆದ ಮೇಲೆ ಮೊದಲು ಕಲಿಯುವ ಮಾತು ಅದು. ಅಕ್ಕನ ಬಾಯಲ್ಲಿ ಮಾತ್ರ ನಾನು ಅದನ್ನು ಕೇಳಿರಲೇ ಇಲ್ಲ. ಕೇಳಿದ್ದರೆ ಆ ವಿಮಾನ ನನ್ನ ಕೈಗೆ ಬರುತ್ತಿರಲಿಲ್ಲ.

ವಿಮಾನದ ಕಥೆ ಇಷ್ಟೇ. ಸೀರೆ ಕೊಳ್ಳಲು ಬರುತ್ತಿದ್ದ ಸಾಹುಕಾರರೊಬ್ಬರು ಒಂದು ಸಂಜೆ ಮಗ್ಗದ ಮೇಲಿದ್ದ ಸೀರೆಯ ಅಂಚನ್ನು ನೋಡಿದರು. ಅದು ಅಕ್ಕನ ಕೈಯ ಮೊದಲ ಅಂಚು ಎಂದು ತಿಳಿದು ಖುಷಿಯಾಗಿ, ತಮ್ಮ ಮಗ ಕಾರಿನಲ್ಲಿ ಆಡಿ ಬಿಟ್ಟಿದ್ದ ಆಟದ ಸಾಮಾನಿನಲ್ಲಿ ಒಂದು ಮಿಲಿಟರಿ ವಿಮಾನವನ್ನು ಅವಳ ಕೈಗಿಟ್ಟರು. ಅಂಗೈಯಷ್ಟುದ್ದ. ತಗಡಿನದಲ್ಲ, ಲೋಹ ಕರಗಿಸಿ ಅಚ್ಚಿಗೆ ಹೊಯ್ದು ಮಾಡಿದ ಗಟ್ಟಿ ವಿಮಾನ. ಕೈಯಲ್ಲಿ ಹಿಡಿದರೆ ತಕ್ಕಡಿಯ ತೂಕದ ಬಟ್ಟಿನಂತೆ ಭಾರ. ಮೂಗಿನಲ್ಲಿ ತಿರುಗುವ ರೆಕ್ಕೆ, ಹೊಟ್ಟೆಯಲ್ಲಿ ಎರಡು ಚಕ್ರ, ಬೆನ್ನಿನ ಮೇಲೆ ಹಿಂದೆ ಮುಂದೆ ಎರಡು ಸೀಟು.

ಅದು ಒಂದು ರಾತ್ರಿ ಅಕ್ಕನ ದಿಂಬಿನ ಕೆಳಗಿತ್ತು. ಬೆಳಿಗ್ಗೆ ಎದ್ದು ನಾನು ನೆಲಕ್ಕೆ ಬಿದ್ದು ಹೊರಳಾಡಿದೆ. ಅಮ್ಮ, "ಚಿಕ್ಕೋನು, ಕೊಟ್ಬಿಡೇ, ಮಗ್ಗ ಕಾಯ್ತೈತೆ" ಎಂದಳು. ಅಕ್ಕ ಕೊಟ್ಟಳು. ಕೊಡುವಾಗ, "ಹುಷಾರಾಗಿ ಆಡ್ತೀಯಾ?" ಎಂದು ಕೇಳಿದಳು.

ನಾನು ಕತ್ತು ಆಡಿಸಿದೆ.

ಆಮೇಲೆ ಅದರ ಮೂಗಿಗೆ ದಾರ ಕಟ್ಟಿ ಓಣಿಯ ಕಲ್ಲು ಚಪ್ಪಡಿಗಳ ಮೇಲೆ ಎಳೆದೆ. ನಮ್ಮೂರಿನ ಬಂಡೆಯ ಮೇಲೆಲ್ಲ ಜಾರಿಸಿದೆ. ಬಣ್ಣ ಹೋಯಿತು, ಮೂಗಿನ ರೆಕ್ಕೆ ಮುರಿಯಿತು, ಒಂದು ಚಕ್ರ ಚರಂಡಿಗೆ ಬಿತ್ತು. ಆಡಿ ಬೇಸರವಾದ ಮೇಲೆ ಎಲ್ಲೋ ಎಸೆದೆ. ಅಕ್ಕ ಅದನ್ನು ಎತ್ತಿ ತೊಳೆದು, ಚಕ್ರವಿಲ್ಲದ ಕಡೆ ಅಪ್ಪನ ಅಂಗಿಯ ಗುಂಡಿ ಕಟ್ಟಿ, ಮಗ್ಗದ ಮೇಲಿನ ಅಡ್ಡಮರದ ಮೇಲಿಟ್ಟಳು. ಮದುವೆಯಾಗಿ ಅದೇ ಊರಿನ ಇನ್ನೊಂದು ಓಣಿಗೆ ಹೋದಾಗ ಅದೂ ಅವಳೊಂದಿಗೆ ಹೋಗಿ ಅಲ್ಲಿನ ಮಗ್ಗದ ಮೇಲೆ ಕೂತಿತು. ವರ್ಷಕ್ಕೊಮ್ಮೆ ಆಯುಧ ಪೂಜೆಯಲ್ಲಿ ಲಾಳಿಗೆ, ಹಲಗೆಗೆ ಬಳಿದಂತೆ ಅದಕ್ಕೂ ಅರಿಶಿನ ಕುಂಕುಮ ಬಳಿಯುತ್ತಿದ್ದಳು. ಮಿಲಿಟರಿಯದಲ್ಲವೇ, ಆಯುಧವೇ ತಾನೇ.

ಮೊನ್ನೆ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಿದೆವು. ತಿಂಗಳು ಕಪ್ಪು ಕನ್ನಡಕ ಹಾಕಿಕೊಂಡು ಮಗ್ಗ ಮುಟ್ಟದೆ ಕೂರಬೇಕಿತ್ತು. ಅವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ನೋಡಲು ಹೋದಾಗ ಒಂದು ರೇಷ್ಮೆ ಚೂರಿನಲ್ಲಿ ಸುತ್ತಿದ್ದ ಗಂಟನ್ನು ನನ್ನ ಮಡಿಲಿಗೆ ಹಾಕಿದಳು.

"ಕಣ್ಣಿನ ಪೊರೆ ಹೋದ್ಮೇಲೆ ಎಲ್ಲಾ ಹೊಸದಾಗಿ ಕಾಣ್ತೈತೆ ಕಣೋ ನಾಗಾ. ಮದ್ದು ಹಾಕೋಕೆ ಕನ್ನಡಕ ತೆಗೆದಾಗ ನೋಡಿದೆ, ಗೋಡೆ ಇಷ್ಟು ಬೆಳ್ಳಗೈತೆ ಅಂತ ಗೊತ್ತೇ ಇರ್ಲಿಲ್ಲ. ಇದೊಂದು ಮಾತ್ರ ಬೋಳಾಗಿ ಕೂತೈತೆ. ನೀನು ಲಾರಿಗೆಲ್ಲಾ ಬಣ್ಣ ಹೊಡೀತೀಯಲ್ಲ, ಇದಕ್ಕೂ ಹೊಡಿ. ಮೊದ್ಲಿದ್ದಂಗೇ. ಪಚ್ಚ."

"ಗೊತ್ತಾಯ್ತಕ್ಕ."

"ಸರಿಯಾಗಿ ಒಂದು ದಿನಾನೂ ನೋಡ್ಲಿಲ್ಲ ನಾನು ಅದನ್ನ. ಕನ್ನಡಕ ತೆಗೆದ ದಿನ ನೋಡ್ಬೇಕು."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ನಗುತ್ತಲೇ ಹೇಳಿದಳು. ನನಗೆ ಬಸ್ಸಿನಲ್ಲಿ ಚಳ್ಳಕೆರೆಯವರೆಗೂ ಅದೇ ಮಾತು ಕಿವಿಯಲ್ಲಿತ್ತು. ಜೀವಮಾನದಲ್ಲಿ ಅಕ್ಕ ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಇದನ್ನಾದರೂ ಸರಿಯಾಗಿ ಮಾಡಿಕೊಡಬೇಕು ಎಂದುಕೊಂಡೆ.

ಮನೆಗೆ ಬಂದು ಹೆಂಡತಿಯ ಕಾಫಿ ಲೋಟದಲ್ಲಿ ಬಣ್ಣ ಕರಗಿಸುವ ದ್ರಾವಣ ಹುಯ್ದು ವಿಮಾನವನ್ನು ಮುಳುಗಿಸಿದೆ. ಶಾರದ ಒಲೆಯ ಮುಂದಿನಿಂದಲೇ ವಾಸನೆ ಹಿಡಿದಳು.

"ಆ ಲೋಟ ಇನ್ಮೇಲೆ ನಿಮ್ಮದೇ. ನಾಳೆಯಿಂದ ಅದರಲ್ಲೇ ಕುಡೀರಿ."

ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಸಂದುಗೊಂದು ಉಜ್ಜಿದೆ. ರೆಕ್ಕೆಯ ಬುಡದಲ್ಲಿ, ಸೀಟಿನ ಮೂಲೆಯಲ್ಲಿ ಹಳದಿಯ ಪುಡಿ ಕಂಡಿತು. ಎಷ್ಟು ವರ್ಷದ ಪೂಜೆಯ ಅರಿಶಿನವೋ ಪಾಪ ಎಂದುಕೊಂಡು, ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಅದನ್ನೂ ತೊಳೆದುಬಿಟ್ಟೆ. ಈ ಹಳದಿಯನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಳ್ಳಲಿಲ್ಲ.

ಶುದ್ಧ ಮಾಡಿದ ಮೇಲೆ ಅದು ಬೂದುಬಣ್ಣದ ಮೀನಿನ ಹಾಗೆ ಕಂಡಿತು. ಗಾಯಗಳೆಲ್ಲ ಎದ್ದು ಕಂಡವು. ಒಂದೊಂದು ಗೀರೂ ನನ್ನದೇ. ಪುಟ್ಟಿ ತುಂಬಿ, ವಾಟರ್ ಪೇಪರಿನಿಂದ ತಿಕ್ಕಿ, ಮತ್ತೆ ತುಂಬಿ, ಮತ್ತೆ ತಿಕ್ಕಿದೆ. ಟ್ರೇಲರಿನ ಮೇಲೆ ಅಂಗೈ ಓಡಾಡುವ ಕೆಲಸವನ್ನು ಇಲ್ಲಿ ಕಿರುಬೆರಳಿನ ತುದಿ ಮಾಡಬೇಕು. ಮೂಗಿನ ರೆಕ್ಕೆಗೆ ಖಾಲಿ ಎಣ್ಣೆ ಡಬ್ಬಿಯ ತಗಡು ಕತ್ತರಿಸಿದೆ. ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಿ ಎಣ್ಣೆ ಡಬ್ಬಿಗೆ ಬರವೇ? ಮೊದಲನೆಯದು ವಕ್ರವಾಯಿತು, ಎರಡನೆಯದು ತಿರುಗಲಿಲ್ಲ, ಮೂರನೆಯದು ಉಫ್ ಎಂದರೆ ಗಿರ್ರನೆ ತಿರುಗಿತು. ಆ ಮಧ್ಯಾಹ್ನ ನಾನು ಬೇರೆ ಕೆಲಸ ಮಾಡಲಿಲ್ಲ. ಉಫ್ ಎನ್ನುತ್ತಾ ಕೂತಿದ್ದೆ. ಅಪ್ಪನ ಅಂಗಿ ಗುಂಡಿಯ ಚಕ್ರವನ್ನು ಮಾತ್ರ ಬದಲಿಸಲಿಲ್ಲ. ಅಕ್ಕ ಕಟ್ಟಿದ ಗಂಟನ್ನು ಬಿಚ್ಚಲು ಕೈ ಬರಲಿಲ್ಲ.

ಓಬಣ್ಣ ಶೆಡ್ಡಿಗೆ ಬಂದಿದ್ದಾಗ ಕೇಳಿದೆ. ಅವನ ಊರಿನ ಕುರಿ ಮೇಯುತ್ತಿದ್ದ ಕಾವಲಿನಲ್ಲಿ ಈಗ ಸರ್ಕಾರದವರು ಬೇಲಿ ಹಾಕಿ ವಿಮಾನ ಗಿಮಾನ ಏನೇನೋ ಹಾರಿಸುತ್ತಾರೆ, ಅವನಿಗೆ ಗೊತ್ತಿರಬಹುದು ಎಂದು.

"ಓಬಣ್ಣ, ಮಿಲಿಟ್ರಿ ವಿಮಾನ ಯಾವ ಬಣ್ಣ ಇರ್ತೈತೆ?"

"ನಾನು ನೋಡಿರೋದೆಲ್ಲಾ ಹೊಟ್ಟೆ ಕಣಪ್ಪಾ. ಬೆನ್ನು ತೋರಿಸ್ಲಿಲ್ಲ ಅವು."

ಮೊದಲಿದ್ದ ಬಣ್ಣ ನನಗೆ ನೆನಪಿರಲಿಲ್ಲ, ಆಗ ನಾನು ತೀರ ಚಿಕ್ಕವನು. ಆದರೂ ಬೆನ್ನಿನ ಬಣ್ಣ ಗೊತ್ತಿದೆ ಎಂದುಕೊಂಡೆ. ಮಿಲಿಟರಿಯವರ ಬಟ್ಟೆ ಹಸಿರು, ಟೋಪಿ ಹಸಿರು, ಲಾರಿ ಹಸಿರು. ಅಕ್ಕ ಪಚ್ಚ ಎಂದಿದ್ದಾಳೆ. ಪಚ್ಚೆ ಎಂದರೆ ಹಸಿರು. ಶಾರದ ಬಾಗಿಲಲ್ಲಿ ನಿಂತು, "ಯಾವ ತರ ಅಂತ ಅಕ್ಕನ್ನ ಒಂದ್ಸಲ ಕೇಳ್ರಿ. ಫೋನ್ ಐತಲ್ಲ ಜೇಬಲ್ಲೇ" ಎಂದಳು.

"ಗೊತ್ತೈತೆ ಬಿಡೇ."

"ಆ ಟಗರೂ ಗೊತ್ತಿತ್ತು."

ಅವಳ ತವರು ನಾಯಕನಹಟ್ಟಿಯ ಕಡೆ. ಅಲ್ಲಿಯವರಿಗೆ ಮರೆವು ಕಡಿಮೆ. ನಾನು ಪ್ರೈಮರ್ ಹೊಡೆದು, ಅದರ ಮೇಲೆ ತೆಳುವಾಗಿ ಹಸಿರು ಎನಾಮೆಲ್ ಕೂರಿಸಿದೆ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿ ಬಂತು. ಒಂದು ಹನಿ ಇಳಿಯಲಿಲ್ಲ. ಮುಖ ನೋಡಿಕೊಳ್ಳಬಹುದಿತ್ತು.

ಮೊಳಕಾಲ್ಮುರಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದು ಕೂತಿದ್ದೆ. ಕಂಡಕ್ಟರು ಬಗ್ಗಿ ನೋಡಿದ. "ಏನ್ರೀ ಅದು?"

"ವಿಮಾನ."

"ಹಂಗಾದ್ರೆ ಬಸ್ಸು ಯಾಕೆ ಹತ್ತಿದ್ರಿ?"

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಆ ದಿನ ನನ್ನ ಮನಸ್ಸು ಅಷ್ಟು ಹಗುರಾಗಿತ್ತು.

ಅಕ್ಕ ಜಗುಲಿಯ ಮೇಲೆ ಕಾದಿದ್ದಳು. ಕಪ್ಪು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ರೇಷ್ಮೆ ಚೂರನ್ನು ಬಿಚ್ಚಿದಳು. ನೋಡಿದಳು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಆಮೇಲೆ ಅವಳ ಕತ್ತು ನಿಧಾನವಾಗಿ ಮೇಲೆ ಕೆಳಗೆ ಆಡಿತು.

"ಚೆನ್ನಾಗೈತೆ."

ಆ ಕತ್ತನ್ನು ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನದು ಬೋರ್ಡಿನ ಹತ್ತಿರ ಹೋಗಬೇಕಾದೀತೆಂದು ಆಡುವ ಕತ್ತು. ಅವಳದು ಎದುರಿಗಿರುವವರು ನೊಂದಾರೆಂದು ಆಡುವ ಕತ್ತು. ಏನೋ ತಪ್ಪಿದೆ ಎಂದು ತಿಳಿಯಿತು. ಏನೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಒಳಗೆ ಮಗ್ಗದ ಸದ್ದು ನಿಂತು, ಭಾವ ಕಿಟಕಿಯಲ್ಲಿ ಇಣುಕಿದರು.

"ಏನೇ ಅದು, ಗಿಣಿನಾ?"

"ಸುಮ್ನಿರ್ರಿ" ಎಂದಳು ಅಕ್ಕ.

"ವಿಮಾನ, ಭಾವ" ಎಂದೆ. "ಅಕ್ಕ ಪಚ್ಚ ಹೊಡಿ ಅಂದಿದ್ಲು."

"ಪಚ್ಚ ಅಂದ್ಲು ಸರಿ. ಇದು ಆಕುಪಚ್ಚ ಅಲ್ವೇನಲೇ?" ಭಾವ ಕೈಗೆ ಸಿಕ್ಕ ರೇಷ್ಮೆ ಲಡಿಯೊಂದನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟರು. ಹೊಸ ಅರಿಶಿನದ ಬಣ್ಣ. ಬಿಸಿಲು ಬಿದ್ದು ಹೊಳೆಯಿತು. "ಪಚ್ಚ ಅಂದ್ರೆ ಇದು!"

ಕನ್ನಡದಲ್ಲಿ ಪಚ್ಚೆ ಎಂದರೆ ಹಸಿರು. ನಮ್ಮ ಮನೆಯ ತೆಲುಗಿನಲ್ಲಿ ಬರೀ ಪಚ್ಚ ಎಂದರೆ ಹಳದಿ. ಹಸಿರು ಬೇಕಾದರೆ ಆಕುಪಚ್ಚ, ಎಲೆಯ ಪಚ್ಚ ಎನ್ನಬೇಕು. ಸೀರೆ ಕೇಳಿಕೊಂಡು ಕನ್ನಡದವರೂ ತೆಲುಗಿನವರೂ ಬರುವ ಊರು. ಪಚ್ಚ ಎಂದವರ ಮುಂದೆ ಲಡಿ ಬಿಚ್ಚುವ ಮೊದಲು "ಯಾವ ಪಚ್ಚ?" ಎಂದು ಕೇಳಬೇಕೆನ್ನುವುದು ಅಲ್ಲಿ ಕೂಸಿಗೂ ಗೊತ್ತು. ಅಮ್ಮ ನನ್ನನ್ನು ಬಣ್ಣ ಹಾಕುವವರ ಮನೆಗೆ ಓಡಿಸುವಾಗಲೆಲ್ಲ, "ಯಾವ ಪಚ್ಚ ಅಂತ ಹೇಳಿ ಬಾರೋ" ಎಂದು ಹಿಂದಿನಿಂದ ಕೂಗುತ್ತಿದ್ದಳು. ಚಳ್ಳಕೆರೆಯಲ್ಲಿ ಇಷ್ಟು ವರ್ಷ ಕನ್ನಡದಲ್ಲೇ ಉಂಡು, ಕನ್ನಡದಲ್ಲೇ ಬೈಸಿಕೊಂಡು, ಅಮ್ಮನ ಆ ಕೂಗನ್ನೇ ಕಳೆದುಕೊಂಡಿದ್ದೆ. ರೆಕ್ಕೆಯ ಬುಡದಲ್ಲಿ ಇದ್ದ ಹಳದಿ ಪುಡಿ ಆಗ ನೆನಪಾಯಿತು. ಅದು ಅರಿಶಿನವಾಗಿರಲಿಲ್ಲ. ಸಾಹುಕಾರರು ಕೊಟ್ಟ ದಿನದ ಬಣ್ಣದಲ್ಲಿ ನಾನು ಎಳೆದಾಡಿಯೂ ಹೋಗದೆ ಉಳಿದಿದ್ದ ಅಷ್ಟನ್ನೂ, ಕಣ್ಣಿಗೊತ್ತಿಕೊಂಡು, ನಾನೇ ತೊಳೆದಿದ್ದೆ.

"ಕೊಡಕ್ಕ" ಎಂದು ಕೈ ಚಾಚಿದೆ. "ತಗೊಂಡೋಗಿ ಸರಿ ಮಾಡ್ಕೊಂಡು ಬರ್ತೀನಿ."

ಅಕ್ಕನ ಬೆರಳುಗಳು ವಿಮಾನದ ಸುತ್ತ ಬಿಗಿಯಾದವು. "ಇನ್ನೊಂದ್ಸಲ ಕಸ್ಕೊಂಡೋಗ್ತೀಯೇನೋ?" ಎಂದಳು.

ನಗುತ್ತಲೇ ಕೇಳಿದಳು. ಭಾವನೂ ನಕ್ಕರು. ನನಗೆ ಮಾತ್ರ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳಿಗೆ ನೆನಪಿತ್ತು. ಇಷ್ಟು ವರ್ಷವೂ ನೆನಪಿತ್ತು.

"ಇಲ್ಲೇ ಹೊಡೀತೀನಿ. ನಿನ್ನ ಕೈಯಲ್ಲೇ ಇರ್ಲಿ" ಎಂದು ಎದ್ದೆ.

ಅಂಗಡಿಯಲ್ಲಿ ಒಂದು ಚಿಕ್ಕ ಡಬ್ಬಿ ಹಳದಿ ಕೇಳಿದೆ. ಅಂಗಡಿಯವ, "ಯಾವ ಹಳದಿ? ನಿಂಬೆ ತರಾನಾ, ಬಂಗಾರದ ತರಾನಾ?" ಎಂದ. ನನ್ನ ಕತ್ತು ಆಡಲು ಶುರುವಾಗಿಯೇಬಿಟ್ಟಿತ್ತು. ಎರಡೂ ಕೈಯಿಂದ ಹಿಡಿದು ನಿಲ್ಲಿಸಿದಂತೆ ನಿಲ್ಲಿಸಿ, "ತಡೀರಿ, ಕೇಳ್ಕೊಂಡು ಬರ್ತೀನಿ" ಎಂದೆ. ಆ ಬಿಸಿಲಿನಲ್ಲಿ ಮನೆಗೆ ವಾಪಸು ನಡೆದೆ.

"ಅಕ್ಕ, ಯಾವ ಪಚ್ಚ?"

ಅವಳ ಮುಖ ಅರಳಿತು. "ಅರಿಶಿನದ ಕೊಂಬು ಮುರಿದ್ರೆ ಒಳಗೆ ಹೆಂಗಿರ್ತೈತೆ, ಹಂಗೆ."

"ಹೊಳೀಬೇಕಾ, ಬೇಡ್ವಾ?"

"ಹೊಳೀಬೇಕು."

"ಗುಂಡಿಗೂ ಹೊಡೀಲಾ?"

"ಗುಂಡಿ ತಂಟೆಗೆ ಹೋಗ್ಬೇಡ. ಎಷ್ಟು ಕೇಳ್ತೀಯೋ, ಹೋಗೋ!"

ಬಂಗಾರದ ತರದ್ದನ್ನೇ ತಂದೆ. ಅಕ್ಕ ಮೂಗಿನ ರೆಕ್ಕೆಯ ಹಿಂದೆ ದಾರ ಕಟ್ಟಿ ಎತ್ತಿ ಹಿಡಿದಳು, ನಾನು ಚಿಕ್ಕ ಬ್ರಷ್ಷಿನಿಂದ ಬಳಿದೆ. ಕೈ ಓಡುವಾಗ ಅವಳ ಮಾತೂ ಓಡಿತು. ಸಾಹುಕಾರರು ಅಂದು ಹೇಳಿದ್ದೆಲ್ಲವೂ ಅವಳಿಗೆ ಬಾಯಿಪಾಠ. ನಾನು ಕೇಳಿರಲೇ ಇಲ್ಲ.

"ಇದು ಯುದ್ಧದ್ದಲ್ಲಂತೆ ಕಣೋ. ಮಿಲಿಟ್ರಿಗೆ ಹೊಸದಾಗಿ ಸೇರಿದೋರು ಹಾರ್ಸೋದು ಕಲಿಯೋ ವಿಮಾನ. ಅದಕ್ಕೇ ಪಚ್ಚ. ದೂರದಿಂದ್ಲೇ ಕಾಣ್ಲಿ, ಬೇರೆಯೋರು ದಾರಿ ಬಿಡ್ಲಿ ಅಂತ. ಒಂದು ಸೀಟು ಕಲಿಯೋನಿಗೆ, ಇನ್ನೊಂದು ಮೇಷ್ಟ್ರಿಗೆ."

"ನಾನು ಡ್ರೈವರು, ಕ್ಲೀನರು ಅಂದ್ಕೊಂಡಿದ್ದೆ."

ಅಕ್ಕ ನಕ್ಕ ರಭಸಕ್ಕೆ ವಿಮಾನ ತೂಗಿತು, ನನ್ನ ಬ್ರಷ್ಷು ಅವಳ ಮೊಣಕೈಗೂ ಒಂದು ಗೀರು ಹಳದಿ ಬಳಿಯಿತು. ರೆಕ್ಕೆಯ ತುದಿಗೆ ಬಂದಾಗ, "ನಿಲ್ಲು" ಎಂದಳು. "ಅಷ್ಟು ಹಸಿರು ಬಿಡು. ಅಂಚು ಇರ್ಲಿ. ಹಳದಿ ಒಡಲಿಗೆ ಹಸಿರಂಚು ಎಷ್ಟು ಚೆನ್ನಾಗಿ ಒಪ್ಪೈತೆ ನೋಡು." ಕಿಟಕಿಯಿಂದ ಭಾವ, "ಸೆರಗೂ ನೇಯ್ದುಬಿಡು ಅದಕ್ಕೆ" ಎಂದರು.

ವಿಮಾನವನ್ನು ಬಿಸಿಲಿಗಿಟ್ಟು ನಾವು ಮುದ್ದೆ ಉಂಡೆವು. ಉಂಡು ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ಅದನ್ನು ಎತ್ತಿಕೊಂಡಿದ್ದಳು.

"ಒಣಗಿಲ್ಲಕ್ಕ, ಬೆರಳಚ್ಚು ಬೀಳ್ತೈತೆ."

"ಬೀಳ್ಲಿ."

ಅರವತ್ತು ದಾಟಿದ ನನ್ನ ಅಕ್ಕ, ಓಣಿಯಲ್ಲಿ ಯಾರೂ ಇಲ್ಲವೆಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಸೀರೆ ಎತ್ತಿ ಕಟ್ಟಿ, ವಿಮಾನವನ್ನು ಕಲ್ಲು ಚಪ್ಪಡಿಯ ಮೇಲಿಟ್ಟು ದಾರ ಹಿಡಿದಳು. ನಿಧಾನವಾಗಿ ಎಳೆದಳು. ಒಂದು ಚಕ್ರ, ಒಂದು ಗುಂಡಿ. ವಿಮಾನ ಸ್ವಲ್ಪ ಕುಂಟುತ್ತಾ ಹಿಂದೆ ಬಂತು. ಗಾಳಿಗೆ ಮೂಗಿನ ರೆಕ್ಕೆ ಗಿರ್ರೆಂದಿತು. ಓಣಿಯ ಆ ತುದಿಯವರೆಗೆ ಹೋದಳು. ತಿರುಗಿ ಬಂದಳು. ಮತ್ತೆ ಹೋದಳು. ಅವಳ ಮುಖ ನೋಡುತ್ತಾ ಜಗುಲಿಯ ಮೇಲೆ ಕೂತಿದ್ದ ನನಗೆ ಏನಾಯಿತೋ, ಐವತ್ತು ದಾಟಿದ ಗಂಡಸು, ಎದ್ದು ಹತ್ತಿರ ಹೋದೆ.

"ಅಕ್ಕ, ನನಗೊಂದು ಸಲ ಕೊಡೇ."

ಅವಳು ದಾರವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಇಯ್ಯನು ಪೋ!"